ಮನೆ ಸಾಲು

ಶಾಲೆಯ ಮಕ್ಕಳು ತೋಟ ನೋಡಲು ಬರುತ್ತಾರೆಂದು ಶಿವರಾಮು ಎರಡು ಕೆಲಸ ಮಾಡಿದ. ಗಡ್ಡ ಬೋಳಿಸಿಕೊಂಡ, ಟೊಮೆಟೊಗೆ ಔಷಧಿ ಹೊಡೆದ. ಗಡ್ಡದ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಗಿಡದ ತುಂಬ ಹಣ್ಣು ಕೆಂಪಗೆ ನಿಂತಿರುವಾಗ ಯಾರಾದರೂ ಔಷಧಿ ಹೊಡೆಯುತ್ತಾರೆಯೇ? "ಪ್ಯಾಟೆ ಮಕ್ಳು ಬತ್ತವೆ. ಒಂದು ಹುಳ ಕಂಡ್ರೂ ನಮ್ ಭಾನು ಮರ್ಯಾದೆ ಏನಾಗ್ಬೇಕು?" ಎಂದು ಹಿಂದಿನ ಸಂಜೆ ಪಂಪು ಬೆನ್ನಿಗೇರಿಸಿಕೊಂಡು, ಮದುವೆ ಮನೆಗೆ ಸುಣ್ಣ ಬಳಿದ ಹಾಗೆ ಸಾಲು ಸಾಲನ್ನೂ ತೋಯಿಸಿಬಿಟ್ಟ.

ಭಾನು ಅವನ ಒಬ್ಬಳೇ ಮಗಳು. ಚಾಮರಾಜನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಏಳನೇ ತರಗತಿ ಓದುತ್ತಿದ್ದಳು. ಊರು ಕಾಡಂಚಿನ ಹಂಗಳ ಅಂದದ್ದೇ ತಡ, ಕ್ಲಾಸಿನವರು "ನಿಮ್ಮನೆ ಒಳಕ್ಕೇ ಆನೆ ಬತ್ತದಂತೆ?" ಎಂದು ಗೋಳು ಹೊಯ್ದುಕೊಂಡಿದ್ದರು. ಪಕ್ಕದಲ್ಲಿ ಕೂರಲು ಒಪ್ಪಿದವಳು ಮಾಹಿರಾ ಒಬ್ಬಳೇ. ಈಚೆಗೆ ಅಸ್ಮಾ ಟೀಚರು ಆಹಾರದ ಪಾಠ ಮಾಡುತ್ತ, ತರಕಾರಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಅರ್ಧ ಕ್ಲಾಸು "ಅಂಗಡಿಯಿಂದ" ಅಂದಿತಂತೆ. ಆಗ ಭಾನು ಎದ್ದು ನಿಂತು, "ನಮ್ಮಪ್ಪ ಬೆಳೀತಾರೆ ಮಿಸ್, ಊರಿಗೆಲ್ಲ ಊಟ ಹಾಕೋದು ನಮ್ಮಪ್ಪ" ಅಂದಳಂತೆ. ಹಾಗಾದರೆ ಅಲ್ಲಿಗೇ ಹೋಗಿ ನೋಡೋಣ ಅಂದರು ಟೀಚರು. ಮಗಳು ಫೋನಿನಲ್ಲಿ ಇದನ್ನು ಹೇಳಿದಂದಿನಿಂದ ಶಿವರಾಮುವಿನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಗಳ ಕಣ್ಣಲ್ಲಿ ಇಷ್ಟು ದೊಡ್ಡವನಾಗಿರುವುದು ಅವನಿಗೇ ಗೊತ್ತಿರಲಿಲ್ಲ. ಆ ದೊಡ್ಡತನ ಉಳಿಸಿಕೊಳ್ಳಬೇಕು, ಅಷ್ಟೇ ಅವನ ಆಸೆ.

ಬೆಳಗ್ಗೆ ಬಸ್ಸು ಗುಂಡ್ಲುಪೇಟೆ ದಾಟಿ ಬಂದು ತೋಟದ ಹತ್ತಿರ ನಿಂತಿತು. ಭಾನು ಎಲ್ಲರಿಗಿಂತ ಮುಂಚೆ ಇಳಿದು ಅಪ್ಪನ ಕೈ ಹಿಡಿದುಕೊಂಡಳು. ಶಿವರಾಮು ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತು, ಬೀಜದ ಕತೆ, ಸಸಿಯ ಕತೆ, ಕೋಲು ನೆಟ್ಟು ದಾರ ಕಟ್ಟುವ ಕತೆ ಎಲ್ಲ ಹೇಳಿದ. ಚೆನ್ನಾಗಿಯೇ ಹೇಳಿದ, ಇಲ್ಲ ಅಂದರೆ ನಾಲಿಗೆ ಬಿದ್ದುಹೋದೀತು. ಟೀಚರು ಮಕ್ಕಳಿಂದ "ಕೈ ಕೆಸರಾದರೆ ಬಾಯಿ ಮೊಸರು" ಎಂದು ಹೇಳಿಸಿದರು. ಭಾನುವಿನ ಮುಖ ಅರಳಿಕೊಂಡೇ ಇತ್ತು.

ಮಾಹಿರಾಳ ತಂದೆ ನಿಯಾಜ್‌ದು ಚಾಮರಾಜನಗರದಲ್ಲಿ ತರಕಾರಿ ಅಂಗಡಿ. ಶಿವರಾಮುವಿನ ಕ್ರೇಟುಗಳು ಇಳಿಯುವುದೇ ಅಲ್ಲಿ. ಹಾಗಾಗಿ ಆ ಹುಡುಗಿಗೆ ಈ ಹಣ್ಣು ನೆಂಟರ ಹಾಗೆ. ಒಂದನ್ನು ಕಿತ್ತು, ಯೂನಿಫಾರಮ್ಮಿಗೆ ಒರೆಸಿಕೊಂಡು, ಬಾಯಿಗೆ ಇಡಲು ಹೋದಳು.

"ಬುಡು! ಬುಡು ಕಣಮ್ಮಿ ಕೆಳೀಕೆ!" ಶಿವರಾಮು ಓಡಿ ಬಂದು ಅವಳ ಕೈಗೆ ಹೊಡೆದ. ಹಣ್ಣು ಬಿದ್ದು ಒಡೆಯಿತು. "ನೆನ್ನೆ ಸಂಜೆ ಔಸ್ದಿ ಒಡ್ದಿವ್ನಿ ಕಣವ್ವ," ಎಂದು ತೊದಲಿದ.

ಅಷ್ಟಕ್ಕೆ ಮುಗಿದಿದ್ದರೆ ಟೀಚರು ಏನೋ ಹೇಳಿ ಮುಚ್ಚಿಹಾಕುತ್ತಿದ್ದರು. ಆದರೆ ಅವನ ತಾಯಿ ಮಲ್ಲಾಜಮ್ಮ ಅಲ್ಲೇ ಇದ್ದಳು. ಒಳ್ಳೆಯ ಹೆಂಗಸು, ಬಾಯಿಗೆ ಮಾತ್ರ ಬಾಗಿಲಿಲ್ಲ. "ಅಯ್ಯೋ ಮಗ, ಅದ ಯಾಕ್ ತಿಂದಯ್ಯೆ? ಅದು ಮಾರಾಕೆ ಬೆಳ್ದಿರಾದು. ಇತ್ಲಿಗೆ ಬಾ, ನಾವು ತಿನ್ನಾದು ಅಲ್ಲಿ ಅದೆ. ಮನೆ ಸಾಲು. ಅದ್ಕೆ ಒಂದ್ ತೊಟ್ಟು ಔಸ್ದಿನೂ ಬಿದ್ದಿಲ್ಲ."

ತೋಟಕ್ಕೆ ಅಂಟಿದ ಮನೆಯ ಹಿಂದೆ, ಬಚ್ಚಲ ನೀರು ಹರಿಯುವ ಕಡೆ ಹತ್ತಿಪ್ಪತ್ತು ನಾಟಿ ಗಿಡ. ಹಣ್ಣು ಸೊಟ್ಟ, ಅಲ್ಲಲ್ಲಿ ಹುಳ ಕೊರೆದ ತೂತು. ಅವರ ಬೀದಿಯಲ್ಲಿ ಇಂಥ ಸಾಲು ಎಲ್ಲರ ಹಿತ್ತಿಲಲ್ಲೂ ಇತ್ತು. ಯಾರೂ ಅದನ್ನು ತಪ್ಪು ಅಂದುಕೊಂಡಿರಲಿಲ್ಲ, ಯಾರೂ ಅದನ್ನು ಹೊರಗಿನವರ ಎದುರು ಹೇಳಿಯೂ ಇರಲಿಲ್ಲ. ಮಲ್ಲಾಜಮ್ಮ ಮಕ್ಕಳಿಗೆಲ್ಲ ಒಂದೊಂದು ಹಣ್ಣು ಕಿತ್ತು ಕೊಟ್ಟಳು.

ಮಾಹಿರಾ ತನ್ನದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡು, "ಅಂಕಲ್, ನಮ್ಮನೆಗೆ ಬರೋದು ಯಾವ ಸಾಲಿಂದು?" ಎಂದಳು. ಕುಹಕವಿಲ್ಲ, ಕೋಪವಿಲ್ಲ, ಪಾಠದಲ್ಲಿ ಸಂಶಯ ಕೇಳಿದ ಹಾಗೆ ಕೇಳಿದಳು. ಶಿವರಾಮು ಟೀಚರ ಕಡೆ ನೋಡಿದ, ಅವರು ನೆಲ ನೋಡುತ್ತಿದ್ದರು. ಅವನಿಗೆ ಮೈಯೆಲ್ಲ ಬೆವೆತು ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತು. ಹುಳುಕು ಹಣ್ಣು ಕೊಟ್ಟರೆ ನಿಮ್ಮಪ್ಪನೇ ಮೂಸಿ ನೋಡೋದಿಲ್ಲ ಕಣವ್ವ ಎನ್ನಬಹುದಿತ್ತು. ನಿಜವೇ. ಆದರೆ ಹನ್ನೆರಡು ವರ್ಷದ ಹುಡುಗಿಯ ಎದುರು ಅದು ನಾಲಿಗೆಗೆ ಬರಲಿಲ್ಲ. ಭಾನು ಯಾವಾಗಲೋ ಅವನ ಕೈ ಬಿಟ್ಟಿದ್ದಳು.

ಮಧ್ಯಾಹ್ನ ಹುಣಸೆ ಮರದ ಕೆಳಗೆ ಮಕ್ಕಳು ಡಬ್ಬಿ ಬಿಚ್ಚಿದರು. ಶಿವರಾಮು ಒಬ್ಬೊಬ್ಬರಿಗೂ ನೀರು ಕೊಡುತ್ತ ಬಂದ. ಮಾಹಿರಾಳ ಡಬ್ಬಿಯಲ್ಲಿ ಚಪಾತಿ, ಟೊಮೆಟೊ ಗೊಜ್ಜು. ಅವಳು ದಿನದ ರೂಢಿಯಂತೆ ಒಂದು ತುಂಡು ಚಪಾತಿಗೆ ಗೊಜ್ಜು ಹಚ್ಚಿ ಭಾನುವಿನ ಕಡೆ ಚಾಚಿದಳು.

"ಬ್ಯಾಡ ಭಾನು, ನೀನ್ ತಿನ್ಬ್ಯಾಡ!" ಶಿವರಾಮುವಿನ ಬಾಯಿಂದ ಮಾತು ಜಾರಿಹೋಯಿತು.

ಮಾಹಿರಾಳ ಕೈ ಅಲ್ಲೇ ನಿಂತಿತು. ಅವಳಿಗೆ ಬೇಡ ಅನ್ನಲಿಲ್ಲ, ತನ್ನ ಮಗಳಿಗೆ ಮಾತ್ರ ಬೇಡ ಅಂದಿದ್ದ. ಅಂದ ಮೇಲೆ ಅವನಿಗೆ ಅದು ತಿಳಿಯಿತು. ಇಂಥ ನಾಚಿಕೆ ಅವನು ಜನ್ಮದಲ್ಲಿ ಪಟ್ಟಿರಲಿಲ್ಲ. ನೀರಿನ ಚೊಂಬು ಹಿಡಿದುಕೊಂಡೇ ನಿಂತಿದ್ದ.

"ದಿನಾ ಇದನ್ನೇ ತಿನ್ನೋದು ಕಣಪ್ಪ," ಎಂದಳು ಭಾನು. "ಚಿಕ್ಕಮ್ಮನೂ ಅವರಂಗಡೀಲೇ ತರೋದು." ಮಾಹಿರಾಳ ಕೈಯಿಂದ ಚಪಾತಿ ತೆಗೆದುಕೊಂಡು, ಅವನ ಮುಖವನ್ನೇ ನೋಡುತ್ತ ತಿಂದಳು.

ಶಿವರಾಮು ಚೊಂಬು ಕೆಳಗಿಟ್ಟು ಆ ಇಬ್ಬರ ಎದುರು ಕುಕ್ಕರಗಾಲಲ್ಲಿ ಕೂತ. "ನಂಗೂ ಒಂಚೂರು ಕೊಡವ್ವ," ಎಂದು ಮಾಹಿರಾಳ ಮುಂದೆ ಕೈ ಒಡ್ಡಿದ.

ಮಾಹಿರಾ ಕೊಡಲೆಂದು ಇನ್ನೊಂದು ತುಂಡು ಮುರಿದಳು. ಭಾನು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

"ಕೊಡ್ಬೇಡ ಕಣೆ," ಎಂದಳು. "ಅವರು ಮನೆ ಸಾಲಿಂದೇ ತಿನ್ನೋದು."