ಕಳೆದುಹೋದ ಸಂದೇಶಗಳಿಗೊಂದು ಕೇಕು

ಆ ಬೆಳಗ್ಗೆ ನಮ್ಮ ಬಸ್ ಡಿಪೋದ ಕ್ಯಾಂಟೀನಿಗೆ ಅಡುಗೆಯ ಝೋಗ್ರಫಿಯಾ ಅತ್ತೆ ಫನೂರಿಯೋಸ್ ಸಂತನ ಹರಕೆಯ ಕೇಕು ಬೇಯಿಸಿ ತಂದಿದ್ದರು. ಕಳೆದದ್ದನ್ನು ಹುಡುಕಿಕೊಡುವ ಸಂತ ಅವನು. ಬೀಗದ ಕೈಗೆ, ಉಂಗುರಕ್ಕೆ ಹೊರುವ ಹರಕೆ. ಈ ಸಲ ನನ್ನ ಸಂದೇಶಗಳಿಗೆ.

ವೋಲೋಸ್ ಪಟ್ಟಣದಿಂದ ಪಿಲಿಯೋ ಬೆಟ್ಟ ಹತ್ತುವ ಎಂಟು ಪ್ರವಾಸಿ ಬಸ್ಸುಗಳಲ್ಲಿ ನಾನು ರೇಡಿಯೊ ಪೆಟ್ಟಿಗೆ ಕೂರಿಸಿದ್ದೆ. ಮೇಲೆಲ್ಲೋ ಕಲ್ಲು ಉರುಳಿದರೆ ಸುದ್ದಿ ಬಸ್ಸಿನಿಂದ ಬಸ್ಸಿಗೆ ದಾಟುತ್ತ ಡಿಪೋ ತಲುಪಬೇಕು. ನೂರು ಸಂದೇಶ ಕಳಿಸಿದರೆ ನಲವತ್ತು ಬರುತ್ತಿದ್ದವು. ಅಂದು ಮಧ್ಯಾಹ್ನದ ಪರೀಕ್ಷೆಯಲ್ಲಿ ತೊಂಬತ್ತು ಮುಟ್ಟದಿದ್ದರೆ ಪೆಟ್ಟಿಗೆಗಳನ್ನು ಕಳಚಿಸುವುದಾಗಿ ಮ್ಯಾನೇಜರು ಹೇಳಿಬಿಟ್ಟಿದ್ದರು. ನನ್ನ ಎರಡು ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ.

ಕಾರಣ ನನಗೆ ಗೊತ್ತಿತ್ತು. ಎಲೆಕ್ಟ್ರಿಷಿಯನ್ ಸ್ಟೆರ್ಗಿಯೋಸ್ ಮಾಮ ದಿನಾ ಬೆಳಗ್ಗೆ ಎಲ್ಲ ಪೆಟ್ಟಿಗೆಗಳ ಪವರನ್ನೂ ಪೂರ್ತಿ ಏರಿಸುತ್ತಿದ್ದರು. ಬೆಟ್ಟದವರು, ಕಣಿವೆಯಾಚೆಗೆ ಕೂಗಿ ಮಾತಾಡಿಯೇ ಬೆಳೆದವರು. ಎಂಟೂ ಬಸ್ಸು ಒಟ್ಟಿಗೆ ಅರಚಿದರೆ ಒಂದರ ಮಾತು ಇನ್ನೊಂದರ ಮಾತಿಗೆ ಡಿಕ್ಕಿ ಹೊಡೆದು ಎರಡೂ ಹಾಳು. ಇದನ್ನು ದಿನಚರಿಯಲ್ಲಿ ಮೂರು ಸಲ ಬರೆದಿದ್ದೆ, ಮಾಮನೆದುರು ಒಮ್ಮೆಯೂ ಹೇಳಿರಲಿಲ್ಲ.

ಉದ್ದ ಮೇಜಿನ ಆ ತುದಿಗೆ ಅವರು, ಈ ತುದಿಗೆ ನಾನು. ನಡುವೆ ಡ್ರೈವರುಗಳ ಫುಟ್‌ಬಾಲ್ ಜಗಳ. ಬಾಯಿ ತೆರೆದೆ, ಯಾರಿಗೂ ಕೇಳಿಸಲಿಲ್ಲ. ಹರಕೆಯ ಕೇಕು ಎಲ್ಲರಿಗೂ ಹಂಚಬೇಕು, ತಟ್ಟೆ ಕೈಯಿಂದ ಕೈಗೆ ಹೊರಟಿತು. ಅದನ್ನು ಪಕ್ಕದ ಡ್ರೈವರ್ ಲೆಫ್ಟೇರಿಸ್‌ಗೆ ಕೊಡುತ್ತ, ಪವರನ್ನು ಕಾಲು ಭಾಗಕ್ಕೆ ಇಳಿಸಲು ಮಾಮನಿಗೆ ಹೇಳಿಕಳಿಸಿ ಎಂದು ಪಿಸುಗುಟ್ಟಿದೆ. ತಟ್ಟೆಯೂ ಮಾತೂ ಐದು ಕೈ ದಾಟಿ ಮಾಮನನ್ನು ಸೇರಿದವು.

"ಯಾರದು, ಕಾಲು ಭಾಗ ಅಂದಿದ್ದು?"

ಕೈ ಎತ್ತಿದೆ.

"ಅಷ್ಟು ಇಳಿಸಿದ್ರೆ ಮೇಲಿನ ಬಸ್ಸಿಂದ ಡಿಪೋ ತನಕ ಎಲ್ಲಿ ಮುಟ್ಟುತ್ತೆ ಮಗಳೆ?"

"ಪಕ್ಕದ ಬಸ್ಸಿಗೆ ಮುಟ್ಟಿದ್ರೆ ಸಾಕು ಮಾಮ. ಈಗ ನನ್ ಮಾತು ನಿಮಗೆ ಬಂತಲ್ಲ, ಹಂಗೆ."

ಮಾಮ ಕೇಕನ್ನು ನಿಧಾನವಾಗಿ ಅಗಿದು ಮುಗಿಸಿ, ಎದ್ದು ನನ್ನನ್ನೂ ಬಸ್ಸುಗಳ ಹತ್ತಿರ ಕರೆದೊಯ್ದು ಪವರ್ ಇಳಿಸಿದರು. ಇನ್ನೂ ಇಳಿಸಲೇ ಎಂದು ಕೇಳಿದ್ದಕ್ಕೆ, ಬೇಡ, ಪೋರ್ತರಿಯಾ ತಿರುವಿನಲ್ಲಿ ಬಸ್ಸುಗಳ ನಡುವೆ ಅಂತರ ಜಾಸ್ತಿ, ಅಲ್ಲಿ ಕೊಂಡಿ ಕಡಿಯುತ್ತದೆ ಎಂದೆ. ಅವರೊಡನೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಮಧ್ಯಾಹ್ನ ತೊಂಬತ್ನಾಲ್ಕು ಬಂದವು. ಎಲ್ಲ ಸಂತನ ದಯೆ ಎಂದು ಅತ್ತೆ ಶಿಲುಬೆಯ ಗುರುತು ಮಾಡಿಕೊಂಡರು.

"ಉಳಿದ ಆರಕ್ಕೆ ಇನ್ನೊಂದು ಕೇಕು ಹಾಕು ಝೋಗ್ರಫಿಯಾ," ಎಂದರು ಮಾಮ. "ಈ ಸಲ ಸಕ್ಕರೆ ಸ್ವಲ್ಪ ಜಾಸ್ತಿ ಇರಲಿ."

ಪೆಟ್ಟಿಗೆಗಳು ಬಸ್ಸಿನಲ್ಲೇ ಉಳಿದವು. ಮರುದಿನದಿಂದ ಮಾಮ ತಮ್ಮ ಪಕ್ಕದ ಕುರ್ಚಿಯನ್ನು ನನಗೆಂದು ಖಾಲಿ ಇಡತೊಡಗಿದರು.