ಮಂಜವ್ವನ ಕೈಗುಣ

ಅಸುಂಡಿಯಲ್ಲಿ ಯಾರು ಉಪ್ಪಿನಕಾಯಿ ಹಾಕಿದರೂ ಮೊದಲ ಹಿಡಿ ಉಪ್ಪು ಮಂಜವ್ವನದೇ ಆಗಬೇಕು. ಅವಳ ಕೈಗುಣ ಅಂಥದ್ದು, ವರ್ಷವಿಟ್ಟರೂ ಕೆಡುವುದಿಲ್ಲ ಎಂಬ ಮಾತಿತ್ತು. ಕರೆ ಬಂದರೆ ಮಂಜವ್ವನೂ ಸೆರಗು ಸಿಕ್ಕಿಸಿಕೊಂಡು ಬೀಗಿತಿಯ ಗತ್ತಿನಲ್ಲಿ ಹೊರಡುತ್ತಿದ್ದಳು.

ಎಂಬತ್ತೊಂದರ ಬೇಸಿಗೆಯಲ್ಲಿ ಪಕ್ಕದ ಮನೆಯ ದಾವಲಬಿ ಹಾಕಿದ್ದ ಉಪ್ಪಿನಕಾಯಿಗೆ ಮಳೆಗಾಲದ ಹೊತ್ತಿಗೆ ಬೂಷ್ಟು ಬಂತು.

"ಜಾಡಿ ಹಸಿ ಇತ್ತಬೇ, ಒಣಗಸೂದ ಮರ್ತಿದ್ದೆ," ಎಂದು ದಾವಲಬಿಯೇ ನಕ್ಕು ಹೇಳಿದಳು. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಮನಸ್ಸು ನೋಯಬಾರದೆಂದು ಹೀಗನ್ನುತ್ತಾಳೆ ಎಂದುಕೊಂಡಳು ಮಂಜವ್ವ. ಎಮ್ಮೆ ಹಾಲು ಕಡಿಮೆ ಮಾಡಿತು. ಹಿಂಡಿದ್ದು ತನ್ನ ಕೈ. ಹಿತ್ತಲಿನ ಹೀರೆಬಳ್ಳಿ ಒಣಗಿತು. ಬೀಜ ಊರಿದ್ದೂ ತನ್ನ ಕೈ. ಪಕ್ಕದಲ್ಲೇ ಅದೇ ಕೈ ಊರಿದ ಕುಂಬಳಬಳ್ಳಿ ಮೈತುಂಬ ಕಾಯಿ ಬಿಟ್ಟಿದ್ದು ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲ. ಹಾಳು ಮನಸ್ಸು, ತನಗೆ ಬೇಕಾದ್ದನ್ನಷ್ಟೇ ಆರಿಸಿಕೊಳ್ಳುತ್ತದೆ.

ಮರುಬೇಸಿಗೆ ಉಪ್ಪು ಹಾಕಲು ಕರೆದರೆ ಹೋಗಲಿಲ್ಲ. ಬಾರದವಳನ್ನು ಜನ ಎಷ್ಟು ಸಲ ಕರೆದಾರು? ಬಿಟ್ಟರು.

"ನೋಡಿದ್ರಿಲ್ಲೋ, ನನ್ನ ಕೈಗುಣ ಕೆಟ್ಟದ್ದು ಊರಿಗೆಲ್ಲಾ ಗೊತ್ತಾಗೈತಿ," ಎಂದಳು ಗಂಡ ತಿರಕಪ್ಪನಿಗೆ.

ಅವನು ಬೈದ, ರಮಿಸಿದ, ಗದಗಿನ ಡಾಕ್ಟರರ ಹತ್ತಿರ ಕರೆದೊಯ್ದ. ಅವರು ಶಕ್ತಿಯ ಗುಳಿಗೆ ಕೊಟ್ಟು ಕಳಿಸಿದರು. ಮಂಜವ್ವ ತಲೆ ಬಾಚುವುದನ್ನು ಬಿಟ್ಟಳು, ಊಟ ಬಿಟ್ಟಳು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆ ಹಿಡಿದಳು.

ಅಂಥದ್ದರಲ್ಲೇ ಮಗಳು ಹನಮಂತವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು ಹುಟ್ಟಿತು. ಕೂಸಿಗೆ ನೀರೆರೆಯಬೇಕಾದ ಅಜ್ಜಿ ಬಚ್ಚಲ ಕಡೆ ಸುಳಿಯಲೇ ಇಲ್ಲ. ದಾವಲಬಿ ಬಂದು ಎರೆದು ಹೋಗುತ್ತಿದ್ದಳು. ಎತ್ತಿಕೊಳ್ಳುವ ಆಸೆ ಮಂಜವ್ವನಿಗೂ ಬಹಳವಿತ್ತು. ಆದರೆ ಈ ಕೈಯಿಂದ ಎತ್ತಿಕೊಂಡರೆ ಏನಾದೀತೋ ಎಂಬ ಭಯ ಆಸೆಗಿಂತ ದೊಡ್ಡದಿತ್ತು.

ಒಂದು ಮಧ್ಯಾಹ್ನ ಕೂಸು ಏನು ಮಾಡಿದರೂ ಅಳು ನಿಲ್ಲಿಸಲಿಲ್ಲ. ಹನಮಂತವ್ವನಿಗೆ ಸಾಕಾಯಿತು.

"ನಿನ್ನ ಕೈಗೆ ಏನೂ ಆಗಿಲ್ಲಬೇ ಯವ್ವಾ. ಹಿಡಿ," ಎಂದು ತಾಯಿಯ ತೊಡೆಯ ಮೇಲೆ ಮಲಗಿಸಿಯೇ ಬಿಟ್ಟಳು.

ಕೂಸು ಬಿಕ್ಕಿತು, ಸೆರಗಿನಿಂದ ಹೊರಬಿದ್ದ ಅಜ್ಜಿಯ ಬೆರಳು ಹಿಡಿಯಿತು, ಹಾಗೇ ನಿದ್ದೆಹೋಯಿತು.

"ನೋಡಿದೇನಬೇ? ನಿನ್ನ ಕೈ ಸೋಂಕಿದ್ದ ತಡ, ಸುಮ್ಮನಾತು!" ಹನಮಂತವ್ವನ ಮುಖ ಅರಳಿತು.

ಮಂಜವ್ವನ ಮುಖ ಬಿಳಿಚಿತು.

"ಹೌದವ್ವಾ, ನನ್ನ ಕೈ ಸೋಂಕಿದ್ದ ತಡ ಸುಮ್ಮನಾತು. ತಗೋ, ಜಲ್ದಿ ತಗೋ. ಉಸಿರಾಡ್ತೈತೇನ ನೋಡು!"

ಮಗಳು ಗಾಬರಿಯಿಂದ ಎತ್ತಿಕೊಂಡಳು. ಕೂಸು ಎಚ್ಚೆತ್ತು ಚೀರತೊಡಗಿತು. ಆ ಅಳು ಕೇಳಿದ ಮೇಲೆಯೇ ಮಂಜವ್ವನಿಗೆ ಹೋದ ಜೀವ ಬಂದಂತಾಯಿತು. ಕೈಗಳನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು.