ಮಂತ್ರಿಗೊಂದು ಬ್ಲೇಡು

ಬುಸೋಗಾ ಸೀಮೆಯ ಆ ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆ ಬರುವವಳು ಗ್ಲೌಸು, ಪ್ಲಾಸ್ಟಿಕ್ ಹಾಳೆ, ಹೊಕ್ಕುಳಬಳ್ಳಿ ಕತ್ತರಿಸುವ ಬ್ಲೇಡು ಎಲ್ಲವನ್ನೂ ತಾನೇ ತರಬೇಕು. ನೋವು ಶುರುವಾಗಿದ್ದ ಕಗೋಯಾ ಗಂಟು ಹೊತ್ತು ಬಂದರೆ ವಾರ್ಡಿನ ಬಾಗಿಲಿಗೆ ರಿಬ್ಬನ್ ಅಡ್ಡ ಕಟ್ಟಿತ್ತು. ಗೋಡೆಗೆ ಹೊಸ ಬಣ್ಣ ಬಳಿದದ್ದಕ್ಕೇ ಉದ್ಘಾಟನೆ! ಮಂತ್ರಿಗಳು ಬಂದು ನಿಂತಿದ್ದರು, ಕತ್ತರಿ ತರುವುದನ್ನು ಮಾತ್ರ ಎಲ್ಲರೂ ಮರೆತಿದ್ದರು.

ಅಧಿಕಾರಿಯೊಬ್ಬ ಕಗೋಯಾಳ ಗಂಟಿಗೇ ಕೈ ಹಾಕಿದ. "ಬ್ಲೇಡ್ ತಂದಿರ್ತೀಯಲ್ಲಮ್ಮ, ಕೊಡು ಬೇಗ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಕೈ ತೆಗಿ! ಇದು ನನ್ನ ಮಗೂಗೆ ತಂದಿದ್ದು."

ರಿಬ್ಬನ್ನನ್ನು ಎತ್ತಿ ಒಳಗೆ ಕಾಲಿಟ್ಟು ತಿರುಗಿ ನೋಡಿದಳು.

"ಬರಿಗೈಲಿ ಬಂದೋರನ್ನ ಅಂಗಡಿಗೆ ಅಟ್ತೀರಲ್ಲ ಸ್ವಾಮಿ, ಮಂತ್ರಿಗಳಿಗೂ ದಾರಿ ತೋರಿಸಿ."